ಮಂಡಿ ಮೊದಲು, ಫುಕೆಟ್ ಆಮೇಲೆ

ಓದುಗರ ಪ್ರಶ್ನೆ: ನನಗೆ 24 ವರ್ಷ. ಊರು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ, ಕೆಲಸ ಮೈಸೂರಿನ ಹೂಟಗಳ್ಳಿ ಕಡೆ ಒಂದು ಫ್ಯಾಕ್ಟರಿಯಲ್ಲಿ. ತಾತ ಪೈಲ್ವಾನರು, ದಸರಾ ಕುಸ್ತಿಯಲ್ಲಿ ಎಷ್ಟೋ ಸಲ ಜೋಡಿ ಕಟ್ಟಿಸಿಕೊಂಡವರು. ನಾನೂ ಹನ್ನೆರಡನೇ ವಯಸ್ಸಿನಿಂದ ಮಟ್ಟಿಯಲ್ಲಿ ಹೊರಳಿದವನು. ಎರಡೂವರೆ ವರ್ಷದಿಂದ ಮೈಸೂರಿನಲ್ಲಿ ನೋ-ಗಿ ಸಬ್‌ಮಿಷನ್ ಗ್ರಾಪ್ಲಿಂಗ್ (ಜೂಡೊ ಥರದ ಅಂಗಿಯಿಲ್ಲದೆ, ಲಾಕ್ ಹಾಕಿ ಕತ್ತು ಹಿಸುಕಿ ಎದುರಾಳಿಯನ್ನು ಸೋಲೊಪ್ಪಿಸುವ ಆಟ) ಕಲಿಯುತ್ತಿದ್ದೇನೆ, ಈಗ ಬ್ಲೂ ಬೆಲ್ಟ್, ಅಂದರೆ ಬಿಳಿಯ ನಂತರದ ಹಂತ. ಮೂರು ತಿಂಗಳು ಥಾಯ್ಲೆಂಡಿನ ಫುಕೆಟ್‌ನಲ್ಲಿದ್ದು ತರಬೇತಿ ಪಡೆದು, ಅಲ್ಲಿಂದಲೇ ಒಂದೆರಡು ಸ್ಪರ್ಧೆ ಆಡಬೇಕು ಅಂತ ಆಸೆ. ಅಪ್ಪ ಕಬ್ಬಿನ ದುಡ್ಡಿಗೆ ಸೊಸೈಟಿ ಸಾಲ ಸೇರಿಸಿ ನಾಲ್ಕೂವರೆ ಲಕ್ಷ ಕೊಡ್ತೀನಿ ಅಂದಿದ್ದಾರೆ. ಇನ್ನೊಬ್ಬರು 1.8 ಲಕ್ಷ ಕಟ್ಟಿದರೆ ‘ಇಂಡಿಯಾ ಟೀಮ್’ನಲ್ಲಿ ವರ್ಲ್ಡ್ ಚಾಂಪಿಯನ್‌ಶಿಪ್‌ಗೆ ಕರೆದುಕೊಂಡು ಹೋಗ್ತೀವಿ ಅನ್ನುತ್ತಿದ್ದಾರೆ. ಐದು ತಿಂಗಳ ಹಿಂದೆ ಬೆಳಗಿನ ಕ್ಲಾಸಿನಲ್ಲಿ ಹೀಲ್ ಹುಕ್ ಅನ್ನೋ ಕಾಲಿನ ಲಾಕ್‌ಗೆ ಸಿಕ್ಕಿ ಎಡಮಂಡಿಯಲ್ಲಿ ‘ಟಪ್’ ಅಂತ ಸದ್ದಾಯಿತು. ಮಧ್ಯಾಹ್ನದೊಳಗೆ ತೆಂಗಿನಕಾಯಿ ಗಾತ್ರ ಊದಿತು. ನಾಟಿ ಕಟ್ಟು ಕಟ್ಟಿಸಿ ಮೂರು ವಾರ ಮಲಗಿದ್ದೆ. ಈಗ ಓಡಬಲ್ಲೆ, ಬಸ್ಕಿ ಹೊಡೆಯಬಲ್ಲೆ. ಆದರೆ ಗದ್ದೆಯ ಬದು ಇಳಿಯುವಾಗ ಮಂಡಿ ಜಾರಿದಂತಾಗುತ್ತದೆ. ನನ್ನ ತೂಕ 80 ಕೆ.ಜಿ., 73.5ಕ್ಕೆ ಇಳಿಸಿ ಆಡಿದರೆ ಒಳ್ಳೆಯದು ಅಂತಾರೆ. ಅಮ್ಮ ಯಾವುದೋ ವಿಡಿಯೊದಲ್ಲಿ ಕತ್ತು ಹಿಸುಕೋದು ನೋಡಿ, ಮೆದುಳು ಹೋಗುತ್ತೆ ಅಂತ ಅಳುತ್ತಾರೆ. ಹೋಗಲೋ ಬೇಡವೋ ಹೇಳಿ.
ತಾ.ಕ.: ತಾತನ ಗರಡಿಯ ಮಟ್ಟಿ ಒಂದು ಹಿಡಿ ಜೊತೆಗೆ ಒಯ್ಯಬಹುದೇ?

ಉತ್ತರ:

ನಿಮ್ಮ ಪತ್ರದಲ್ಲಿ ಫುಕೆಟ್ ಮೊದಲ ಅರ್ಧದಲ್ಲೇ ಇದೆ, ಮಂಡಿ ನಡುವೆ ಎಲ್ಲೋ ಸಿಕ್ಕಿಕೊಂಡಿದೆ. ನಾನು ಅದನ್ನು ತಿರುವಿ ಓದಿಕೊಂಡೆ. ಹತ್ತೊಂಬತ್ತು ವರ್ಷದಿಂದ ಮೈಸೂರಿನಲ್ಲಿ ಫಿಸಿಯೊಥೆರಪಿ ಮಾಡುತ್ತಿದ್ದೇನೆ. ಗರಡಿ ಹುಡುಗರ ಮಂಡಿ, ಭುಜ, ಕತ್ತು ನೋಡೋದೇ ಅರ್ಧ ಕೆಲಸ. ನಾನೂ ಹುಡುಗನಾಗಿದ್ದಾಗ ಮಟ್ಟಿಗೆ ಇಳಿದವನು, ಮೂವತ್ತರ ಹತ್ತಿರ ಬಂದಮೇಲೆ ಗ್ರಾಪ್ಲಿಂಗ್ ಮ್ಯಾಟಿಗೆ ಬಂದವನು. ‘ಟಪ್’ ಅಂದಿತು, ಮಧ್ಯಾಹ್ನದೊಳಗೆ ಊದಿತು, ಇಳಿಜಾರಿನಲ್ಲಿ ಜಾರುತ್ತದೆ: ಈ ಮೂರು ಮಾತು ಒಟ್ಟಿಗೆ ಕೇಳಿದಾಗ ಮಿಕ್ಕ ಪ್ರಶ್ನೆಗಳೆಲ್ಲ ಪಕ್ಕಕ್ಕೆ ಸರಿಯುತ್ತವೆ.

ಮಂಡಿ ಊದುವುದಕ್ಕೂ ಒಂದು ಗಡಿಯಾರ ಇದೆ. ಒಳಗೆ ಮೆನಿಸ್ಕಸ್ ಎಂಬ ಮೆತ್ತೆ ಮಾತ್ರ ಹರಿದಿದ್ದರೆ ಊತ ಸಾಮಾನ್ಯವಾಗಿ ನಿಧಾನ, ಮರುದಿನ ಬೆಳಿಗ್ಗೆ ಗೊತ್ತಾಗುತ್ತದೆ. ಕೆಲವೇ ಗಂಟೆಗಳಲ್ಲಿ ಉಬ್ಬಿತು ಅಂದರೆ ಕೀಲಿನೊಳಗೆ ರಕ್ತ ತುಂಬಿದೆ ಎಂದು ಅನುಮಾನಿಸಬೇಕು. ಹಾಗೆ ರಕ್ತ ತುಂಬಿಸುವ ಗಾಯಗಳಲ್ಲಿ ಮೊದಲ ಸಾಲಿನಲ್ಲಿರುವುದು ಎಸಿಎಲ್, ಮಂಡಿಯ ಮಧ್ಯೆ ಓರೆಯಾಗಿ ಹಾಯುವ ಹುರಿ. ನೇರ ನಡೆಯಲು, ನೇರ ಓಡಲು, ಬಸ್ಕಿ ಹೊಡೆಯಲು ಅದು ಅಷ್ಟಾಗಿ ಬೇಕಿಲ್ಲ. ಪಾದ ಊರಿ ಮೈ ತಿರುಗಿಸುವಾಗ, ಇಳಿಜಾರಿನಲ್ಲಿ ತಡೆದು ನಿಲ್ಲುವಾಗ ಬೇಕು. ‘ಬಸ್ಕಿ ಹೊಡೀತೀನಿ, ಆದರೆ ಬದು ಇಳಿಯುವಾಗ ಜಾರುತ್ತೆ’ ಎಂದು ನೀವು ಬರೆದಿದ್ದೀರಲ್ಲ, ಪರೀಕ್ಷೆ ಅರ್ಧ ನೀವೇ ಮಾಡಿಕೊಂಡಿದ್ದೀರಿ. ಆದರೂ ಪತ್ರ ಓದಿ ಎಸಿಎಲ್ ಹರಿದಿದೆ ಎಂದು ನಾನು ಹೇಳಲಾರೆ. ಕೈಯಿಟ್ಟು ನೋಡಬೇಕು, ಎಂಆರ್‌ಐ ಆಗಬೇಕು. ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಈ ವಾರವೇ ಹೋಗಿ ಮೂಳೆ ವೈದ್ಯರಿಗೆ ತೋರಿಸಿ. ಟಿಕೆಟ್ ಬುಕ್ ಮಾಡುವುದಕ್ಕೆ ಮುಂಚೆ.

ನಾಟಿ ಕಟ್ಟಿನ ಬಗ್ಗೆ ಒಂದು ಮಾತು. ನಾನು ಅದನ್ನು ಹಳಿಯುವವನಲ್ಲ. ಮೂರು ವಾರ ಕಟ್ಟಿ ಕೂರಿಸಿದ್ದರಿಂದ ಪಕ್ಕದ ಹುರಿಗಳು ಸ್ವಲ್ಪ ಹರಿದಿದ್ದರೆ ಅವು ಕೂಡಿರಬಹುದು, ಅವು ವಿಶ್ರಾಂತಿಗೆ ಒಲಿಯುತ್ತವೆ. ಆದರೆ ಎಸಿಎಲ್ ಪೂರ್ತಿ ತುಂಡಾಗಿದ್ದರೆ ಹೊರಗಿನಿಂದ ಏನು ಕಟ್ಟಿದರೂ ಅದು ಮೊದಲಿನಂತಾಗುತ್ತದೆಂದು ನಂಬಿ ಕೂರುವ ಹಾಗಿಲ್ಲ. ಊದಿದ ಮಂಡಿಯನ್ನು ಮೊದಲೆರಡು ದಿನವೇ ಬಿಸಿ ಎಣ್ಣೆ ಹಾಕಿ ತಿಕ್ಕುವ ಗರಡಿ ಪದ್ಧತಿ ಮಾತ್ರ ದಯವಿಟ್ಟು ಬೇಡ. ಒಳಗೆ ರಕ್ತ ಸೋರುತ್ತಿರುವಾಗ ತಿಕ್ಕಿದರೆ ಇನ್ನಷ್ಟು ಸೋರುತ್ತದೆ.

ಹೀಲ್ ಹುಕ್ ಯಾಕೆ ಇಷ್ಟು ಕೆಡುಕು? ಓದುಗರಲ್ಲಿ ಎಷ್ಟೋ ಜನ ಅದನ್ನು ನೋಡಿರಲಿಕ್ಕಿಲ್ಲ. ಎದುರಾಳಿ ನಿಮ್ಮ ತೊಡೆಯನ್ನು ತನ್ನ ಎರಡು ಕಾಲುಗಳ ನಡುವೆ ಕಟ್ಟಿಹಾಕಿ, ಪಾದದ ತುದಿಯನ್ನು ಕಂಕುಳಿಗೆ ಸಿಕ್ಕಿಸಿ, ಹಿಮ್ಮಡಿಯನ್ನು ಮೊಣಕೈ ಮಡಿಕೆಯಲ್ಲಿ ಹಿಡಿದು ತಿರುಗಿಸುತ್ತಾನೆ. ಹಿಡಿದದ್ದು ಹಿಮ್ಮಡಿ, ಮುರಿಯುವುದು ಮಂಡಿ. ಕೈ ಲಾಕ್ ಹಾಕಿದರೆ ಮೊಣಕೈ ಮೊದಲು ನೋಯುತ್ತದೆ, ಆಮೇಲೆ ಹೋಗುತ್ತದೆ. ಆ ನೋವು ಮತ್ತು ಗಾಯದ ನಡುವಿನ ಸಂದಿಯಲ್ಲೇ ಟ್ಯಾಪ್ ಮಾಡಲು, ಅಂದರೆ ಕೈ ತಟ್ಟಿ ಸೋಲೊಪ್ಪಲು ಸಮಯ ಸಿಗುವುದು. ಮಂಡಿ ತಿರುಚಿದಾಗ ಆ ಸಂದಿ ತೀರಾ ಕಿರಿದು. ‘ಇನ್ನೂ ನೋವಿಲ್ಲ, ತಡೀತೀನಿ’ ಅನ್ನುವಷ್ಟರಲ್ಲಿ ಟಪ್. ಗರಡಿಯಿಂದ ಬಂದವರು ಇದಕ್ಕೆ ಹೆಚ್ಚು ಬಲಿಯಾಗುವುದನ್ನು ನಾನು ನೋಡಿದ್ದೇನೆ. ಕುಸ್ತಿಯಲ್ಲಿ ಯಾರಾದರೂ ಕಾಲು ಹಿಡಿದರೆ ಜಾಡಿಸಿ, ತಿರುಗಿ, ಕಿತ್ತುಕೊಂಡು ಏಳುವುದು ಮೈಗೆ ಬಂದ ಗುಣ. ಇಲ್ಲಿ ತಪ್ಪು ದಿಕ್ಕಿಗೆ ತಿರುಗಿದರೆ ನಿಮ್ಮ ಮಂಡಿಯನ್ನು ನೀವೇ ಮುರಿದುಕೊಂಡ ಹಾಗೆ.

ಬ್ರೆಜಿಲಿಯನ್ ಜಿಯು-ಜಿಟ್ಸು ಸ್ಪರ್ಧೆ ನಡೆಸುವ ಐಬಿಜೆಜೆಎಫ್ ಸಂಸ್ಥೆಯವರು ಹೀಲ್ ಹುಕ್‌ಗೆ ಒಪ್ಪಿಗೆ ಕೊಟ್ಟದ್ದೇ 2021ರಲ್ಲಿ, ಅದೂ ನೋ-ಗಿಯಲ್ಲಿ, ಬ್ರೌನ್ ಮತ್ತು ಬ್ಲ್ಯಾಕ್ ಬೆಲ್ಟ್‌ನ ವಯಸ್ಕರಿಗೆ ಮಾತ್ರ. ಬ್ಲೂ ಬೆಲ್ಟ್ ಆದ ನಿಮಗೆ ಆ ಸ್ಪರ್ಧೆಗಳಲ್ಲಿ ಅದು ನಿಷಿದ್ಧ. ಆದರೆ ನೋ-ಗಿಯ ಇನ್ನೊಂದು ದೊಡ್ಡ ಪಂದ್ಯಾವಳಿಯಾದ ಎಡಿಸಿಸಿಯ ಮಾದರಿಯ ಸ್ಪರ್ಧೆಗಳಲ್ಲಿ ಅದು ದಿನನಿತ್ಯದ ಆಯುಧ, ಫುಕೆಟ್‌ನ ಜಿಮ್‌ಗಳಲ್ಲಿ ಎಡಿಸಿಸಿ ಕನಸಿನವರು ಬೇಕಾದಷ್ಟು ಜನ ಇರುತ್ತಾರೆ. ಹೋಗುವ ಮುಂಚೆ ಎರಡು ಪ್ರಶ್ನೆ ಮೇಲ್ ಮಾಡಿ ಕೇಳಿ: ಬ್ಲೂ ಬೆಲ್ಟ್‌ನವರ ರೋಲ್‌ನಲ್ಲಿ (ಅಭ್ಯಾಸದ ಕಾದಾಟದಲ್ಲಿ) ಹೀಲ್ ಹುಕ್ ಇರುತ್ತದೆಯೇ? ಇದ್ದರೆ ಹಿಡಿದು ನಿಲ್ಲಿಸುತ್ತಾರೋ, ತಿರುಗಿಸಿ ಮುಗಿಸುತ್ತಾರೋ?

ಈಗ ಮೂರು ದಾರಿ. ಎಂಆರ್‌ಐಯಲ್ಲಿ ಪಕ್ಕದ ಹುರಿಗಳಷ್ಟೇ ಭಾಗಶಃ ಹರಿದಿದ್ದರೆ ಆಪರೇಷನ್ ಬೇಕಾಗುವುದು ಕಡಿಮೆ. ಐದು ತಿಂಗಳಾಗಿದೆ ಬೇರೆ. ತೊಡೆಯ ಮುಂದಿನ ಹಿಂದಿನ ಸ್ನಾಯು, ಪೃಷ್ಠದ ಸ್ನಾಯು ಗಟ್ಟಿ ಮಾಡಿ ಎರಡು ಮೂರು ತಿಂಗಳಲ್ಲಿ ಮ್ಯಾಟಿಗೆ ಮರಳಬಹುದು. ಮೆನಿಸ್ಕಸ್ ಹರಿದಿದ್ದರೆ ಎಲ್ಲಿ ಹರಿದಿದೆ, ಹೇಗೆ ಹರಿದಿದೆ ಎಂಬುದರ ಮೇಲೆ ನಿರ್ಧಾರ. ಮಂಡಿ ಯಾವಾಗಲಾದರೂ ಮಡಿಚಿದಲ್ಲೇ ಸಿಕ್ಕಿಕೊಂಡು ನೇರ ಆಗಲು ಒಲ್ಲದೆ ಹೋದರೆ ಕಾಯಬೇಡಿ, ಅವತ್ತೇ ತೋರಿಸಿ. ಅಲ್ಲಿಯವರೆಗೆ ಪೂರ್ತಿ ಕೂತು ಏಳುವ ಬಸ್ಕಿ ನಿಲ್ಲಿಸಿ.

ಮೂರನೆಯದು ಎಸಿಎಲ್ ಪೂರ್ತಿ ಹೋಗಿರುವುದು. ಆಪರೇಷನ್ ಇಲ್ಲದೆಯೂ ಬದುಕಬಹುದು, ಹೊಲ ಗದ್ದೆ ಕೆಲಸ ಮಾಡಬಹುದು. ಕೆಲವರು ಆಟವನ್ನೂ ಆಡುತ್ತಾರೆ. ಆದರೆ ತಿರುಚುವುದೇ ಮುಖ್ಯವಾದ ಆಟದಲ್ಲಿ, ಅದಾಗಲೇ ಜಾರುತ್ತಿರುವ ಮಂಡಿಯಲ್ಲಿ ಸ್ಪರ್ಧೆಗೆ ಇಳಿದರೆ ಪ್ರತಿ ಜಾರುವಿಕೆಗೂ ಮೆನಿಸ್ಕಸ್ ಸವೆಯುತ್ತದೆ, ಹರಿಯುತ್ತದೆ. ನಲವತ್ತಕ್ಕೇ ಮಂಡಿ ಸವೆದು ನನ್ನ ಬಳಿ ಬರುವ ಹಳೇ ಪೈಲ್ವಾನರಲ್ಲಿ ಈ ಕಥೆಯವರು ಕೆಲವರಿದ್ದಾರೆ. ಆಪರೇಷನ್ ಮಾಡಿಸುವುದಾದರೆ ಸರ್ಜನ್‌ಗೆ ನೀವು ಕುಸ್ತಿಯವರು ಅಂತ ಬಾಯಿಬಿಟ್ಟು ಹೇಳಿ. ಹೊಸ ಹುರಿಗೆ ನಿಮ್ಮದೇ ಮೈಯಿಂದ ಎಳೆ ತೆಗೆಯುತ್ತಾರೆ. ತೊಡೆ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ನಿಂದ ತೆಗೆದರೆ ಕಾಲು ಮಡಿಚಿ ಬಿಗಿಹಿಡಿಯುವ ಶಕ್ತಿ ಸ್ವಲ್ಪ ತಗ್ಗಬಹುದು, ಗ್ರಾಪ್ಲಿಂಗ್‌ನಲ್ಲಿ ಅದೇ ಬಂಡವಾಳ. ಮಂಡಿ ಚಿಪ್ಪಿನ ಕೆಳಗಿನ ಸ್ನಾಯುರಜ್ಜಿನಿಂದ ತೆಗೆದರೆ ಮಂಡಿಯೂರಿ ಕೂರುವಾಗ ನೋವು ಉಳಿಯಬಹುದು, ಅದೂ ನಮ್ಮ ಆಟಕ್ಕೆ ಬೇಕಾದದ್ದೇ. ಚಿಪ್ಪಿನ ಮೇಲಿನ ಕ್ವಾಡ್ರಿಸೆಪ್ಸ್ ರಜ್ಜಿನಿಂದ ತೆಗೆಯುವ ವಿಧಾನವೂ ಇದೆ. ಯಾವುದೂ ಪುಕ್ಕಟೆಯಲ್ಲ, ಆದರೆ ಆಯ್ಕೆ ಇದೆ ಅನ್ನುವುದೇ ಎಷ್ಟೋ ಹುಡುಗರಿಗೆ ಗೊತ್ತಿರುವುದಿಲ್ಲ. ಆಮೇಲೆ ಒಂಬತ್ತು ತಿಂಗಳು. ಆರು ತಿಂಗಳಿಗೇ ‘ಫಿಟ್’ ಅನ್ನಿಸುತ್ತದೆ, ಅದೇ ಮೋಸ. ಒಂಬತ್ತು ತಿಂಗಳಿಗೆ ಮೊದಲು ಆಟಕ್ಕೆ ಮರಳಿದವರಲ್ಲಿ ಮತ್ತೆ ಗಾಯವಾಗುವುದು ಗಣನೀಯವಾಗಿ ಹೆಚ್ಚು. ಒಂಟಿಕಾಲಿನಲ್ಲಿ ನೆಗೆಯುವ ಪರೀಕ್ಷೆಯಲ್ಲಿ ಎಡಗಾಲು ಬಲಗಾಲಿನ ಶೇ 90ರಷ್ಟಾದರೂ ಹೋಗಬೇಕು. ಅಲ್ಲಿಯವರೆಗೆ ನಾನು ಯಾರಿಗೂ ರೋಲ್ ಮಾಡಲು ಬಿಡುವುದಿಲ್ಲ.

ಇನ್ನು ಪರದೇಶದ ವಿಷಯ. ‘ಅಲ್ಲಿ ಹೋದರೆ ನಮಗೆ ಗೊತ್ತಿಲ್ಲದ ಪಟ್ಟು ಕಲಿಸ್ತಾರೆ’ ಅನ್ನುವುದು ಹಳೇ ನಂಬಿಕೆ. ಇಪ್ಪತ್ತು ವರ್ಷದ ಹಿಂದೆ ಅದು ನಿಜವೂ ಆಗಿತ್ತು. ಈಗ ದೊಡ್ಡ ದೊಡ್ಡ ಆಟಗಾರರೇ ತಮ್ಮ ಪಟ್ಟುಗಳನ್ನು ವಿಡಿಯೊ ಮಾಡಿ ಮಾರುತ್ತಾರೆ. ಗುಟ್ಟು ಅನ್ನುವುದು ಉಳಿದಿಲ್ಲ. ಅಲ್ಲಿ ಸಿಗುವುದು ಮೈಗಳು. ಮೈಸೂರಿನಲ್ಲಿ ನಿಮ್ಮ ತೂಕದ, ನಿಮಗಿಂತ ಗಟ್ಟಿಯಾದ ಜೊತೆಗಾರರು ಎಷ್ಟು ಜನ? ಇಬ್ಬರೋ ಮೂವರೋ ಇರಬಹುದು. ಅವರ ಪಟ್ಟು ನಿಮಗೆ ಗೊತ್ತು, ನಿಮ್ಮದು ಅವರಿಗೆ ಗೊತ್ತು. ಫುಕೆಟ್‌ನ ದೊಡ್ಡ ಜಿಮ್‌ನಲ್ಲಿ ಒಂದು ಸಂಜೆಗೆ ಆರು ದೇಶದ ಆರು ಬಗೆಯ ಮೈ ಸಿಗುತ್ತದೆ: ರಷ್ಯಾ ಕಡೆಯ ಕುಸ್ತಿಪಟು, ಉದ್ದ ಕಾಲಿನ ಆಸ್ಟ್ರೇಲಿಯಾದವನು, ಹದಿನೆಂಟರ ಬ್ರೆಜಿಲ್ ಹುಡುಗ. ಗರಡಿಯಲ್ಲಿ ಉಸ್ತಾದರು ಹೊರಗಿನ ಪೈಲ್ವಾನರನ್ನು ಕರೆಸಿ ಹುಡುಗರ ಜೊತೆ ಹಿಡಿಸುತ್ತಿದ್ದರಲ್ಲ, ಅದೇ.

ಹಾಗಾದರೆ ಮೈ ಹುಡುಕಿಕೊಂಡು ಮೊದಲು ಹತ್ತಿರ ಹೋಗಬಾರದೇಕೆ? ಮಂಡ್ಯದಿಂದ ಬೆಂಗಳೂರು ನೂರು ಕಿಲೋಮೀಟರ್. ರೈಲೂ ಇದೆ, 2023ರಿಂದ ಎಕ್ಸ್‌ಪ್ರೆಸ್‌ವೇಯೂ ಇದೆ. ಬೆಂಗಳೂರಿನಲ್ಲಿ ನೋ-ಗಿ ಕಲಿಸುವ ಜಿಮ್‌ಗಳು ಒಂದೆರಡಲ್ಲ, ವಾರಾಂತ್ಯದಲ್ಲಿ ಯಾರು ಬೇಕಾದರೂ ಬಂದು ರೋಲ್ ಮಾಡುವ ಓಪನ್ ಮ್ಯಾಟ್ ಇರುತ್ತದೆ. ಆರು ತಿಂಗಳು ಪ್ರತಿ ಶನಿವಾರ ಹೋಗಿ ಬಂದರೂ ಫುಕೆಟ್‌ನ ಒಂದು ವಾರದ ಖರ್ಚಿನ ಆಸುಪಾಸು. ಬೆಂಗಳೂರು, ಮುಂಬೈ, ದೆಹಲಿಯ ಓಪನ್ ಸ್ಪರ್ಧೆಗಳಲ್ಲಿ ಹತ್ತು ಪಂದ್ಯ ಆಡಿದ ಮೇಲೆ ‘ನನಗೆ ಇಂಥದ್ದು ಬರುತ್ತಿಲ್ಲ’ ಅನ್ನುವುದು ಸ್ಪಷ್ಟವಾಗುತ್ತದೆ. ಆ ಪ್ರಶ್ನೆ ಹಿಡಿದುಕೊಂಡು ಹೋದವನಿಗೆ ಪರದೇಶದ ಒಂದು ತಿಂಗಳು ಸಾಕು. ಹಾಗೇ ಹೋದವನಿಗೆ ಮೂರು ತಿಂಗಳೂ ಸಾಲದು, ಸಮುದ್ರದ ಫೋಟೊ ಬರುತ್ತದೆ.

ನಾನೇ ಹಾಗೇ ಹೋದವನು. ಆರು ವಾರದ ಪ್ಲಾನ್. ನಾಲ್ಕನೇ ದಿನ, ಮೈಸೂರಿನ ಮಾನ ನನ್ನ ಹೆಗಲ ಮೇಲಿದೆ ಅನ್ನುವ ಹಾಗೆ ನನಗಿಂತ ಇಪ್ಪತ್ತು ಕೆ.ಜಿ. ಹೆಚ್ಚಿನವನನ್ನು ಎತ್ತಿ ಹಾಕಲು ಹೋಗಿ ಪಕ್ಕೆಲುಬಿನ ಮೃದ್ವಸ್ಥಿ ಹರಿದುಕೊಂಡೆ. ಉಳಿದ ಐದು ವಾರ ಮ್ಯಾಟಿನ ಅಂಚಿನಲ್ಲಿ ಕೂತು ಬೇರೆಯವರ ಬೆವರು ನೋಡಿದೆ. ಸೀನಿದರೆ ಜೀವ ಹೋಗುತ್ತಿತ್ತು. ತಪ್ಪು ಜಿಮ್ಮಿನದಲ್ಲ, ನನ್ನದೇ. ಹೊರಗಿನಿಂದ ಬಂದವರಿಗೆ ಗಾಯ ಆಗುವುದು ಹೆಚ್ಚಾಗಿ ಮೊದಲ ಹತ್ತು ದಿನದಲ್ಲೇ ಅನ್ನುವುದನ್ನು ಆಮೇಲೆ ನನ್ನ ಬಳಿ ಬಂದ ಹುಡುಗರಲ್ಲೂ ನೋಡಿದೆ. ಸೆಕೆ, ನಿದ್ದೆಗೇಡು, ದಿನಕ್ಕೆ ಎರಡು ಕ್ಲಾಸು, ಮೇಲೆ ಪೌರುಷ.

ನಿಮ್ಮ ಕುಸ್ತಿ ಮೈ ಅಲ್ಲಿ ಏನು ಮಾಡುತ್ತದೆ ಎನ್ನುವುದು ನೀವು ಕೇಳದ ಪ್ರಶ್ನೆ, ಆದರೆ ಹೇಳದೆ ಇರಲಾರೆ. 1910ರಲ್ಲಿ ಗಾಮಾ ಪೈಲ್ವಾನ್ ಲಂಡನ್‌ಗೆ ಹೋಗಿ ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೊ ಜೊತೆ ಹಿಡಿದರು. ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ನಡೆದ ಆ ಕುಸ್ತಿಯ ಬಹುಪಾಲು ಜಿಬಿಸ್ಕೊ ಹೊಟ್ಟೆಯನ್ನು ನೆಲಕ್ಕೆ ಅಂಟಿಸಿಕೊಂಡು ಬಿದ್ದಿದ್ದ. ಗಾಮಾಗೂ ಅವನನ್ನು ಮಗುಚಲಾಗಲಿಲ್ಲ, ಡ್ರಾ ಆಯಿತು. ಮುಂದಿನ ವಾರದ ಮರುಪಂದ್ಯಕ್ಕೆ ಜಿಬಿಸ್ಕೊ ಬರಲೇ ಇಲ್ಲ. ಬೆನ್ನು ನೆಲಕ್ಕೆ ತಾಗದಿದ್ದರೆ ಸೋಲಿಲ್ಲ ಅನ್ನುವ ಆಟದಲ್ಲಿ ಹೊಟ್ಟೆ ಮೇಲೆ ಮಲಗುವುದು ಕೋಟೆ. ಸಬ್‌ಮಿಷನ್ ಗ್ರಾಪ್ಲಿಂಗ್‌ನಲ್ಲಿ ಅದೇ ಗುಂಡಿ. ಬೆನ್ನ ಮೇಲೆ ಹತ್ತಿ ಎರಡೂ ಕಾಲು ಒಳಗೆ ಸಿಕ್ಕಿಸಿದರೆ ಐಬಿಜೆಜೆಎಫ್ ನಿಯಮದಲ್ಲಿ 4 ಪಾಯಿಂಟ್, ಎಡಿಸಿಸಿಯಲ್ಲಿ 3. ಪಾಯಿಂಟ್ ಹಾಳಾಗಲಿ, ಕತ್ತು ಅವನ ಕೈಯಲ್ಲಿ. ಹನ್ನೆರಡು ವರ್ಷದ ಅಭ್ಯಾಸ, ಬಿದ್ದ ಕೂಡಲೇ ನೀವು ಹೊಟ್ಟೆಗೆ ಹೊರಳುತ್ತೀರಿ. ಬೆನ್ನ ಮೇಲೆ ಮಲಗಿ ಕಾಲಿನಿಂದ ಕಾದಾಡುವುದನ್ನು ಕಲಿಯುವಾಗ ನಿಮ್ಮ ತಾತ ನೋಡಿದರೆ ಮುಖ ತಿರುಗಿಸಿಯಾರು. ಹಾಗೆಯೇ ಎರಡು ಕಾಲು ಹಿಡಿಯಲು ತಲೆ ತಗ್ಗಿಸಿ ನುಗ್ಗುವಾಗ ಕತ್ತು ಗಿಲೊಟಿನ್‌ಗೆ, ಮುಂದಿನಿಂದ ಕತ್ತು ಹಿಸುಕುವ ಹಿಡಿತಕ್ಕೆ ಸಿಗುತ್ತದೆ. ತಲೆ ಎತ್ತಿ, ಎದೆಗೆ ಒತ್ತಿ ಹೋಗುವುದನ್ನು ಹೊಸದಾಗಿ ಕಲಿಯಬೇಕು. ನಿಮಗೆ ಅನುಕೂಲವೂ ಇದೆ. ಎಡಿಸಿಸಿಯಲ್ಲಿ ಪಂದ್ಯದ ಮೊದಲ ಅರ್ಧ ಪಾಯಿಂಟೇ ಇರುವುದಿಲ್ಲ. ಎರಡನೇ ಅರ್ಧದಲ್ಲಿ ತಾನಾಗಿ ಕೆಳಗೆ ಕೂತವನಿಗೆ ಒಂದು ಪಾಯಿಂಟ್ ಕಡಿತ. ನಿಂತು ಕಾದಾಡುವವರಿಗೆ ಮಾಡಿಸಿದ ನಿಯಮ. ಮಟ್ಟಿಯಲ್ಲಿ ಬಲಿತ ನಿಮ್ಮ ಸೊಂಟ, ಹಿಡಿತ, ಕತ್ತು ಅಲ್ಲಿ ಎದುರಾಳಿಗೆ ಮೊದಲ ಎರಡು ನಿಮಿಷ ದಿಗಿಲು ಹುಟ್ಟಿಸುತ್ತವೆ. ಮೂರನೇ ನಿಮಿಷಕ್ಕೆ ನಿಮ್ಮ ಬಳಿ ಏನಿದೆ ಅನ್ನುವುದೇ ಪ್ರಶ್ನೆ.

‘ಇಂಡಿಯಾ ಟೀಮ್’ 1.8 ಲಕ್ಷಕ್ಕೆ ಬರುತ್ತೇನೆ. ಈ ಆಟಕ್ಕೆ ಇಡೀ ಜಗತ್ತಿಗೆ ಒಂದೇ ಸಂಸ್ಥೆ ಅಂತ ಇಲ್ಲ. ಐಬಿಜೆಜೆಎಫ್‌ನದು ಒಂದು ವರ್ಲ್ಡ್ ನೋ-ಗಿ, ಅಬುಧಾಬಿಯವರದು ಇನ್ನೊಂದು, ಒಲಿಂಪಿಕ್ ಕುಸ್ತಿ ನಡೆಸುವ ಯುನೈಟೆಡ್ ವರ್ಲ್ಡ್ ರೆಸ್ಲಿಂಗ್‌ನ ಗ್ರಾಪ್ಲಿಂಗ್ ಮತ್ತೊಂದು, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ಗೆ ಸೇರಿದ ಜು-ಜಿಟ್ಸು ಬೇರೆಯೇ. ಎಲ್ಲರೂ ‘ವರ್ಲ್ಡ್’ ಪದ ಬಳಸುತ್ತಾರೆ. ಕೆಲವಕ್ಕೆ ದೇಶದ ಫೆಡರೇಷನ್ ಮೂಲಕವೇ ಆಯ್ಕೆ ಆಗಬೇಕು, ಅಲ್ಲಿ ಟ್ರಯಲ್ಸ್ ನಡೆಯುತ್ತದೆ, ಸೋತವರೂ ಇರುತ್ತಾರೆ. ಇನ್ನು ಕೆಲವು ಓಪನ್: ಸದಸ್ಯತ್ವ, ಫೀಸು ಕಟ್ಟಿ ನಿಮ್ಮ ಬೆಲ್ಟ್ ವಿಭಾಗದಲ್ಲಿ ನೀವೇ ಹೆಸರು ಕೊಡಬಹುದು, ಮೊಬೈಲಿನಲ್ಲೇ. ನಿಮ್ಮನ್ನು ಕರೆಯುವವರಿಗೆ ಒಂದೇ ಮಾತು ಕೇಳಿ: ‘ಟ್ರಯಲ್ಸ್‌ನಲ್ಲಿ ನಾನು ಯಾರನ್ನು ಸೋಲಿಸಿದೆ?’ ಉತ್ತರ ಇಲ್ಲದಿದ್ದರೆ ನೀವು ಕೊಳ್ಳುತ್ತಿರುವುದು ಪ್ಯಾಕೇಜ್ ಟೂರ್ ಮತ್ತು ಬೆನ್ನ ಮೇಲೆ ಧ್ವಜ ಅಚ್ಚಾದ ಟ್ರ್ಯಾಕ್‌ಸೂಟ್. ಬಂದ ಮೇಲೆ ಊರಲ್ಲಿ ಫ್ಲೆಕ್ಸ್ ಬೀಳುತ್ತದೆ, ನಿಜ. ಸ್ಪೋರ್ಟ್ಸ್ ಕೋಟಾದ ಕೆಲಸದ ಆಸೆ ಮನಸ್ಸಿನಲ್ಲಿದ್ದರೆ, ನೇಮಕಾತಿ ಅಧಿಸೂಚನೆಯಲ್ಲಿ ಯಾವ ಕ್ರೀಡೆ, ಯಾವ ಮಟ್ಟದ ಸರ್ಟಿಫಿಕೇಟ್ ಅಂತ ಪಟ್ಟಿ ಇರುತ್ತದೆ. ದುಡ್ಡು ಕಟ್ಟುವ ಮುಂಚೆ ಅದನ್ನು ಓದಿ.

ತೂಕ: ಬೇಡ. ಐಬಿಜೆಜೆಎಫ್‌ನಲ್ಲಿ ತೂಕ ನೋಡುವುದು ಮೊದಲ ಪಂದ್ಯಕ್ಕೆ ಸ್ವಲ್ಪ ಮುಂಚೆ, ಒಂದೇ ಸಲ. ನೀರು ಹಿಂಡಿ ಇಳಿಸಿದರೆ ಮತ್ತೆ ಕುಡಿದು ಚೇತರಿಸಿಕೊಳ್ಳಲು ಹೊತ್ತೇ ಇಲ್ಲ. 73.5ರ ಮುಂದಿನ ವಿಭಾಗ 79.5, ನೀವು ಇರುವುದೇ 80. ರಾತ್ರಿ ಮುದ್ದೆ ಒಂದು ತುತ್ತು ಕಡಿಮೆ ಮಾಡಿದರೆ ಅಲ್ಲಿಗೆ ಬರುತ್ತೀರಿ. 1997ರಲ್ಲಿ ಅಮೆರಿಕದಲ್ಲಿ ಕೆಲವೇ ವಾರಗಳ ಅಂತರದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ರಬ್ಬರ್ ಸೂಟ್ ಹಾಕಿ, ಬಿಸಿಯಲ್ಲಿ ಬೆವರು ಹಿಂಡಿ ತೂಕ ಇಳಿಸುತ್ತಾ ಸತ್ತರು. ಅಲ್ಲಿ ನಿಯಮಗಳೇ ಬದಲಾದವು.

ನಿಮ್ಮ ಅಮ್ಮನ ಭಯಕ್ಕೆ ಗೌರವದಿಂದಲೇ ಉತ್ತರಿಸುತ್ತೇನೆ, ಇದನ್ನು ಅವರಿಗೆ ಓದಿ ಹೇಳಿ. ಅಮ್ಮಾ, ವಿಡಿಯೊದಲ್ಲಿ ನೀವು ನೋಡಿದ್ದು ಉಸಿರುಗಟ್ಟಿಸುವುದಲ್ಲ. ಸರಿಯಾಗಿ ಹಾಕಿದ ಚೋಕ್ ಕತ್ತಿನ ಎರಡು ಬದಿಯ ರಕ್ತನಾಳಗಳನ್ನು ಒತ್ತುತ್ತದೆ. ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಅದಕ್ಕೆ ಮುಂಚೆ ಎರಡು ಸಲ ತಟ್ಟಿದರೆ ಎದುರಿನವನು ಬಿಡಲೇಬೇಕು, ಬಿಟ್ಟ ಕೂಡಲೇ ರಕ್ತ ಹರಿಯುತ್ತದೆ. ಆರೋಗ್ಯವಂತ ಹುಡುಗನಿಗೆ ಹೀಗೆ ತಟ್ಟಿ ಬಿಡಿಸಿಕೊಳ್ಳುವುದರಿಂದ ಮೆದುಳು ಹೋಗುವುದಿಲ್ಲ. ಆದರೆ ಅಪಾಯವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಕತ್ತಿನ ರಕ್ತನಾಳದ ಒಳಪದರ ಸೀಳಿ ಪಾರ್ಶ್ವವಾಯು ಬಡಿದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ, ಅಪರೂಪ. ಅಭ್ಯಾಸದ ದಿನ ಅಥವಾ ಮುಂದಿನ ದಿನಗಳಲ್ಲಿ ಕತ್ತಿನ ಒಂದೇ ಬದಿ ನೋವು, ಹಿಂದೆಂದೂ ಬಾರದಂಥ ತಲೆನೋವು, ಒಂದು ಕಣ್ಣಿನ ರೆಪ್ಪೆ ಇಳಿಯುವುದು, ಮಾತು ತೊದಲುವುದು, ಒಂದು ಕೈ ಸೋಲುವುದು ಕಂಡರೆ ಬೆಳಗಾಗಲಿ ಅಂತ ಕಾಯದೆ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.

ಮಗನಿಗೆ ಹೇಳುವುದು ಇಷ್ಟು: ಪ್ರಜ್ಞೆ ತಪ್ಪುವವರೆಗೆ ತಡೆಯುವುದು ಶೌರ್ಯವಲ್ಲ, ತಪ್ಪಿದ ದಿನ ಮತ್ತೆ ಮ್ಯಾಟಿಗೆ ಇಳಿಯಬಾರದು. 1951ರಲ್ಲಿ ರಿಯೊ ನಗರದ ಮರಕಾನಾ ಸ್ಟೇಡಿಯಂನಲ್ಲಿ ಜಪಾನಿನ ಮಸಾಹಿಕೊ ಕಿಮುರಾ, ಎಲಿಯೊ ಗ್ರೇಸಿಯ ಕೈ ತಿರುಚಿ ಹಿಡಿದರು. ಎಲಿಯೊ ತಟ್ಟಲಿಲ್ಲ. ಕೈ ಮುರಿಯಿತು, ಅಣ್ಣ ಕಾರ್ಲೊಸ್ ಟವೆಲ್ ಎಸೆದು ಪಂದ್ಯ ನಿಲ್ಲಿಸಿದರು. ಆ ಪಟ್ಟಿಗೆ ಇವತ್ತಿಗೂ ಗೆದ್ದವರ ಹೆಸರೇ, ‘ಕಿಮುರಾ’.

ದುಡ್ಡು ಮತ್ತು ಕಾಗದಪತ್ರ. 2024ರಲ್ಲಿ ಥಾಯ್ಲೆಂಡ್ ತಂದ ಡಿಟಿವಿ ಎಂಬ ದೀರ್ಘಾವಧಿ ವೀಸಾ ಮುಯ್ ಥಾಯ್ (ಥಾಯ್ ಬಾಕ್ಸಿಂಗ್) ಕಲಿಯಲು ಬರುವವರಿಗೂ ಸಿಗುತ್ತದೆ, ಆದರೆ 5 ಲಕ್ಷ ಬಾತ್ ಬ್ಯಾಂಕಿನಲ್ಲಿ ತೋರಿಸಬೇಕು. ರೂಪಾಯಿಯಲ್ಲಿ ಅದು ಹನ್ನೆರಡು ಲಕ್ಷ ದಾಟುತ್ತದೆ. ನಿಮ್ಮ ಕೈಗೆಟಕುವುದು ಪ್ರವಾಸಿಯಾಗಿ ಹೋಗುವುದು. ಅದರ ದಿನಗಳ ಲೆಕ್ಕ ಆಗಾಗ ಬದಲಾಗುತ್ತದೆ, ರಾಯಭಾರ ಕಚೇರಿಯ ಪುಟ ನೋಡದೆ ಏಜೆಂಟನ ಮಾತು ನಂಬಬೇಡಿ. ಇನ್ನೊಂದು ಬಲೆ ಇದೆ: ‘ಮ್ಯಾಟ್ ಒರೆಸು, ಮಕ್ಕಳ ಕ್ಲಾಸ್ ತಗೋ, ರೂಮು ಊಟ ಫ್ರೀ’ ಅನ್ನುವ ಜಿಮ್‌ಗಳು. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಸಂಬಳ ಇಲ್ಲದಿದ್ದರೂ ಬಹಳ ದೇಶಗಳ ಕಣ್ಣಲ್ಲಿ ಅದು ಕೆಲಸವೇ, ಪ್ರವಾಸಿ ವೀಸಾದಲ್ಲಿ ಸಿಕ್ಕಿಬಿದ್ದರೆ ವಾಪಸ್ ಕಳಿಸುತ್ತಾರೆ. ವಿಮೆಯ ಕಾಗದದಲ್ಲಿ ‘ಇವುಗಳಿಗೆ ಅನ್ವಯಿಸುವುದಿಲ್ಲ’ ಎಂಬ ಸಣ್ಣಕ್ಷರದ ಭಾಗವನ್ನೇ ಮೊದಲು ಓದಿ. ಸಾಮಾನ್ಯ ಟ್ರಾವೆಲ್ ಇನ್ಶೂರೆನ್ಸ್ ಎಷ್ಟೋ ಸಲ ಕಾದಾಟದ ಕ್ರೀಡೆ ಮತ್ತು ಸ್ಪರ್ಧೆಯ ಗಾಯಗಳನ್ನು ಹೊರಗಿಡುತ್ತದೆ. ಮೊದಲೇ ಇದ್ದ ಮಂಡಿ ಗಾಯವನ್ನಂತೂ ಮುಟ್ಟುವುದಿಲ್ಲ.

ದುಬೈ, ಅಬುಧಾಬಿ ಕಡೆ ನೆಂಟರಿದ್ದರೆ ಅದನ್ನೂ ಯೋಚಿಸಿ. ಅಬುಧಾಬಿಯಲ್ಲಿ ಜಿಯು-ಜಿಟ್ಸು ಶಾಲಾ ಪಠ್ಯದಲ್ಲೇ ಇದೆ. ಎಡಿಸಿಸಿ ಹುಟ್ಟಿದ್ದೂ ಅಲ್ಲೇ, 1998ರಲ್ಲಿ. ಚಿಕ್ಕಪ್ಪನ ಮನೆಯ ಸೋಫಾ ಮೇಲೆ ಮಲಗಿ ಎರಡು ವಾರ ರೋಲ್ ಮಾಡಿ, ಒಂದು ಸ್ಪರ್ಧೆ ಆಡಿ ಬರುವುದು ಮೂರು ತಿಂಗಳ ಫುಕೆಟ್‌ಗಿಂತ ಅಗ್ಗ, ಮೊದಲ ಸಲಕ್ಕೆ ಸಾಕಷ್ಟು.

ಎಲ್ಲಿಗೇ ಹೋದರೂ ಚರ್ಮ ನೋಡಿಕೊಳ್ಳಿ. ಗಜಕರ್ಣ ಬಂದರೆ ಮೆಡಿಕಲ್ ಶಾಪಿನಲ್ಲಿ ಕೊಡುವ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ. ಎರಡು ದಿನ ತುರಿಕೆ ಅಡಗುತ್ತದೆ, ಬೂಷ್ಟು ಒಳಗೊಳಗೇ ಹರಡುತ್ತದೆ. ನಮ್ಮ ದೇಶದಲ್ಲಿ ಮಾಮೂಲಿ ಔಷಧಿಗೂ ಬಗ್ಗದ ಗಜಕರ್ಣ ಈಗ ಚರ್ಮವೈದ್ಯರ ದೊಡ್ಡ ತಲೆನೋವು. ಮೈಮೇಲೆ ಅದನ್ನಿಟ್ಟುಕೊಂಡು ಹೋದರೆ ಒಳ್ಳೆಯ ಜಿಮ್ ಬಾಗಿಲಲ್ಲೇ ನಿಲ್ಲಿಸುತ್ತದೆ. ಕಿವಿ ಊದಿದರೆ ಗಟ್ಟಿಯಾಗುವ ಮುಂಚೆ, ಒಂದೆರಡು ದಿನದಲ್ಲೇ, ಇಎನ್‌ಟಿ ಹತ್ತಿರ ರಕ್ತ ತೆಗೆಸಿ. ನನ್ನ ಎಡಗಿವಿ ನೋಡಿದವರು ಯಾಕೆ ಅಂತ ಕೇಳುವುದಿಲ್ಲ.

ಹೋಗಲೋ ಬೇಡವೋ ಎಂದರೆ ನನ್ನ ಉತ್ತರ: ಹೋಗಿ, ಈ ವರ್ಷ ಬೇಡ. ಎಂಆರ್‌ಐ ಚೆನ್ನಾಗಿ ಬಂದರೆ ಮೂರು ತಿಂಗಳು ಮಂಡಿ ಗಟ್ಟಿ ಮಾಡುವುದು, ಆರು ತಿಂಗಳು ಬೆಂಗಳೂರಿನ ಶನಿವಾರಗಳು ಮತ್ತು ದೇಶದೊಳಗಿನ ಪಂದ್ಯಗಳು, ಆಮೇಲೆ ನಾಲ್ಕು ವಾರ ಪರದೇಶ. ಎಸಿಎಲ್ ಹೋಗಿದ್ದರೆ ಎಲ್ಲಕ್ಕೂ ಒಂದು ವರ್ಷ ಕೂಡಿಸಿ. ಆಗಲೂ ನಿಮಗೆ 26 ಮುಗಿದಿರುವುದಿಲ್ಲ. ಈ ಆಟದಲ್ಲಿ 30ರವರೆಗೂ ವಯಸ್ಕರ ವಿಭಾಗವೇ, ಅದರಾಚೆ ಮಾಸ್ಟರ್ಸ್ ಇದೆ, ನಾನೇ ಇನ್ನೂ ಆಡುತ್ತೇನೆ. ಸೊಸೈಟಿ ಸಾಲ ಮಾತ್ರ ಬೇಡವೇ ಬೇಡ. ಕಬ್ಬಿನ ಬಿಲ್ಲು ಯಾವಾಗ ಬರುತ್ತದೆ ಅನ್ನುವುದು ನಿಮ್ಮಪ್ಪನಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿಲ್ಲ. ನಿಮ್ಮ ಸಂಬಳದಲ್ಲಿ ತಿಂಗಳಿಗಿಷ್ಟು ಅಂತ ಎತ್ತಿಟ್ಟರೆ ನಾಲ್ಕು ವಾರದ ಖರ್ಚು ಒಂದೂವರೆ ವರ್ಷದಲ್ಲಿ ಕೂಡುತ್ತದೆ, ಮಂಡಿಗೂ ಹೇಗಿದ್ದರೂ ಸಮಯ ಬೇಕು.

ತಾತನ ಮಟ್ಟಿಯನ್ನು ಬ್ಯಾಗಿನಲ್ಲಿ ಹಾಕಬೇಡಿ. ಮಣ್ಣಿನೊಳಗೆ ಹುಳು, ಬೀಜ, ರೋಗಾಣು ಹೋಗುತ್ತವೆಂದು ಬಹಳಷ್ಟು ದೇಶಗಳು ಅದನ್ನು ಒಳಗೆ ಬಿಡುವುದಿಲ್ಲ. ಅರಿಸಿನ, ಕುಂಕುಮ, ಕರ್ಪೂರ, ತುಪ್ಪ ಕಲೆಸಿದ ಕೆಂಪು ಮಣ್ಣನ್ನು ವಿಮಾನ ನಿಲ್ದಾಣದಲ್ಲಿ ಇಂಗ್ಲಿಷಿನಲ್ಲಿ ವಿವರಿಸುವ ಕಷ್ಟವನ್ನೂ ಯೋಚಿಸಿ. ಹೊರಡುವ ದಿನ ಬೆಳಿಗ್ಗೆ ಗರಡಿಗೆ ಹೋಗಿ, ತಾತನ ಕೈಯಲ್ಲೇ ಹಣೆಗೆ ಹಚ್ಚಿಸಿಕೊಂಡು ಬನ್ನಿ. ಅದಕ್ಕೆ ಕಸ್ಟಮ್ಸ್‌ನವರ ತಕರಾರಿಲ್ಲ.